ಹುರುಳಿಕಾಯಿ ಜಾರ್‌ನಲ್ಲಿ: ಕುದಿಸಿದರೆ ಸಾಕಾಗಲ್ವಾ?

ಡೆನ್ವರ್‌ನಲ್ಲಿರುವ ಒಬ್ಬರು ಕೇಳಿದ್ದಾರೆ: "ಹಿತ್ತಿಲಲ್ಲಿ ರಾಶಿ ಹುರುಳಿಕಾಯಿ ಬಿಟ್ಟಿದೆ. ಗಾಜಿನ ಜಾರ್‌ಗೆ ತುಂಬಿ, ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಿಟ್ಟರೆ ಚಳಿಗಾಲಕ್ಕೆ ಆಗಲ್ವಾ? ಅಮ್ಮನ ಉಪ್ಪಿನಕಾಯಿ ವರ್ಷಗಟ್ಟಲೆ ಇರ್ತಿತ್ತಲ್ಲ?"

ಆಗಲ್ಲ. ಯಾಕೆ ಅಂತ ನೋಡೋಣ.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನೋ ಬ್ಯಾಕ್ಟೀರಿಯಾ ಇದೆ. ಅದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಮುಚ್ಚಿದ ಜಾರ್‌ನಲ್ಲಿ ಆಮ್ಲಜನಕ ಇಲ್ಲ, ಹುಳಿಯೂ ಇಲ್ಲ ಅಂದ್ರೆ ಅವು ಮೊಳೆತು ವಿಷ ಮಾಡುತ್ತವೆ. ವಾಸನೆ, ರುಚಿ ಬದಲಾಗದೇ ಇರಬಹುದು. ಆ ವಿಷ ನರಗಳನ್ನು ಕಟ್ಟಿಹಾಕುತ್ತದೆ: ರೆಪ್ಪೆ ಜೋಲುತ್ತದೆ, ನುಂಗಲು ಕಷ್ಟ, ಕೊನೆಗೆ ಉಸಿರಾಟವೇ ನಿಲ್ಲಬಹುದು.

ಉಪ್ಪಿನಕಾಯಿಯನ್ನು ಕಾಯುವುದು ಅದರ ಹುಳಿ ಮತ್ತು ಉಪ್ಪು. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ಬೀಜಾಣು ಮೊಳೆಯುವುದಿಲ್ಲ. ಹುರುಳಿಕಾಯಿ, ಜೋಳ, ಮಾಂಸಕ್ಕೆ ಆ ರಕ್ಷಣೆ ಇಲ್ಲ.

ಹಾಗಾಗಿ ಬೇಕಾದ್ದು ಸುಮಾರು 116 ಡಿಗ್ರಿ ಸೆಲ್ಸಿಯಸ್. ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಮೇಲೇರದು. ಒತ್ತಡ ಹೆಚ್ಚಿಸಿದರೆ ಮಾತ್ರ ಏರುತ್ತದೆ. ಅದಕ್ಕೇ ಪ್ರೆಶರ್ ಕ್ಯಾನರ್. ಡಯಲ್ ಗೇಜ್ ಇದ್ದರೆ ಸಮುದ್ರಮಟ್ಟದ ಹತ್ತಿರ 11 ಪೌಂಡ್, ಡೆನ್ವರ್‌ನಲ್ಲಿ 13. ತೂಕದ ಗೇಜ್ ಆದರೆ ಡೆನ್ವರ್‌ನಲ್ಲಿ 15. ಹುರುಳಿಕಾಯಿಗೆ ಪೈಂಟ್ ಜಾರ್ 20 ನಿಮಿಷ, ಕ್ವಾರ್ಟ್ ಜಾರ್ 25.

ಎರಡು ವಿಷಯ ಮರೀಬೇಡಿ. ಮೊದಲು 10 ನಿಮಿಷ ಹಬೆಯನ್ನು ಹೊರಬಿಡಿ. ಒಳಗೆ ಗಾಳಿ ಉಳಿದರೆ ಗೇಜ್ ಸರಿಯಾದ ಒತ್ತಡ ತೋರಿಸಿದರೂ ಶಾಖ ಸಾಲದು. ಎರಡನೆಯದು, ಆಮೇಲೆ ತಾನಾಗಿಯೇ ತಣಿಯಲು ಬಿಡಿ. ಕುಕ್ಕರ್‌ನ ನಲ್ಲಿ ಕೆಳಗೆ ಹಿಡಿಯುವ ನಮ್ಮ ಅಭ್ಯಾಸ ಇಲ್ಲಿ ಬೇಡ. ನಿಧಾನವಾಗಿ ಬಿಸಿಯಾಗುವ, ತಣಿಯುವ ಹೊತ್ತೂ ಲೆಕ್ಕದೊಳಗೇ ಇದೆ. ಅನ್ನ ಮಾಡುವ ಸಣ್ಣ ಕುಕ್ಕರ್ ಬೇಗ ಕಾದು ಬೇಗ ತಣಿಯುವುದರಿಂದಲೇ ಈ ಕೆಲಸಕ್ಕೆ ಆಗದು. ಕನಿಷ್ಠ ನಾಲ್ಕು ಕ್ವಾರ್ಟ್ ಜಾರ್ ಹಿಡಿಯುವ ಕ್ಯಾನರ್ ಬೇಕು.

ಅಂದ ಹಾಗೆ, ಮನೆಯ ಹುಳಿ, ಸಾಗು ಇವನ್ನು ಅಂದಾಜಿನ ಮೇಲೆ ಕ್ಯಾನ್ ಮಾಡಬೇಡಿ. ಗಟ್ಟಿ ಪದಾರ್ಥದ ನಡುವಿಗೆ ಶಾಖ ನಿಧಾನವಾಗಿ ತಲುಪುತ್ತದೆ. ಅವಕ್ಕೆ ಫ್ರೀಜರ್ರೇ ವಾಸಿ. ಮುಚ್ಚಳ ಉಬ್ಬಿದ ಜಾರ್ ಕಂಡರೆ ರುಚಿ ನೋಡಲೂಬೇಡಿ.

ಮುಂದಿನ ಕಂತಿನಲ್ಲಿ ಸಿಗೋಣ.