ಎಲ್ಲ ಗಂಟೂ ಹಾಲಿನದಲ್ಲ

ಹಾಲೂಡಿಸುವ ತಾಯಿಗೂ ಸ್ತನ ಕ್ಯಾನ್ಸರ್ ಬರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗ ನನಗೆ 34. ಮಗ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ, ಮಗಳು ಯುಕೆಜಿ. ಎಡಗಡೆ ಗಂಟು ಕೈಗೆ ಸಿಕ್ಕಾಗ ಅತ್ತೆ, "ಹಾಲು ಕಟ್ಕೊಂಡಿದೆ ಕಣಮ್ಮ, ಶಾಖ ಕೊಡು" ಅಂದರು. ಊರಿನ ಡಾಕ್ಟರೂ ಮುಟ್ಟಿ ನೋಡಿ ಅದನ್ನೇ ಹೇಳಿದರು. ಹಾಲು ಕಟ್ಟಿದ ಗಂಟು ಸಾಮಾನ್ಯವಾಗಿ ನೋಯುತ್ತದೆ, ಮಗು ಕುಡಿಯುತ್ತಿದ್ದರೆ ಕೆಲವೇ ದಿನಗಳಲ್ಲಿ ಕರಗುತ್ತದೆ. ನನ್ನದು ನೋಯಲೂ ಇಲ್ಲ, ಕರಗಲೂ ಇಲ್ಲ. ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ, ಸೂಜಿ ಹಾಕಿ ಬಯಾಪ್ಸಿ ತೆಗೆಸಿದಾಗ ನಿಜ ಗೊತ್ತಾಯಿತು. ಹಾಲೂಡಿಸುವಾಗ ಈ ಪರೀಕ್ಷೆಗಳನ್ನು ಮಾಡಿಸಬಾರದು ಎಂಬ ಮಾತು ಸುಳ್ಳು.

"ನಮ್ಮ ವಂಶದಲ್ಲೇ ಯಾರಿಗೂ ಇಲ್ಲವಲ್ಲ" ಎಂದು ನೆಂಟರು ಅಚ್ಚರಿಪಟ್ಟರು. ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಯಾರಿಗೂ ಇದ್ದಿರುವುದಿಲ್ಲ. ಆದರೂ ಚಿಕ್ಕ ವಯಸ್ಸಿನಲ್ಲಿ ಬಂದರೆ ಜೀನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಬೇಕು. ಅದು ನಮಗಷ್ಟೇ ಅಲ್ಲ, ತಂಗಿಯರಿಗೂ ಬೇಕಾದ ಮಾಹಿತಿ.

ಕೀಮೋ ಶುರುವಾಗುವ ಮೊದಲು ಹಾಲು ಬಿಡಿಸಬೇಕಾಯಿತು, ಔಷಧಿ ಹಾಲಿಗೂ ಇಳಿಯುತ್ತದೆ. ಅಮ್ಮ ಬೇವಿನ ಸೊಪ್ಪು ಅರೆದು ತಂದಳು. ಮಗ ಮುಖ ಸಿಂಡರಿಸಿ ಅತ್ತ, ನಾನೂ ಅತ್ತೆ. ಕಾಯಿಲೆಯ ಸುದ್ದಿ ಕೇಳಿದ ದಿನ ಬಾರದ ಅಳು ಅವತ್ತು ಬಂತು.

ಮಗಳಿಗೆ "ಅಮ್ಮನಿಗೆ ಜ್ವರ" ಎಂದು ಹೇಳಿದ್ದೆವು. ಒಂದು ರಾತ್ರಿ ಅವಳು ಮೆಲ್ಲಗೆ, "ತಮ್ಮ ಕಚ್ಚಿದ್ದಕ್ಕೆ ಹಿಂಗಾಯ್ತಾ?" ಎಂದು ಕೇಳಿದಳು. ನಾವು ಮುಚ್ಚಿಟ್ಟ ಜಾಗದಲ್ಲಿ ಮಗು ತನ್ನದೇ ಕಾರಣ ಹುಡುಕಿಕೊಂಡಿತ್ತು. ಮರುದಿನವೇ ಕಾಯಿಲೆಯ ಹೆಸರು ಹೇಳಿದೆ. ಇದು ಯಾರಿಂದಲೂ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ಔಷಧಿಯಿಂದ ಕೂದಲು ಉದುರುತ್ತದೆ, ಆಮೇಲೆ ಬೆಳೆಯುತ್ತದೆ ಎಂದೆ. "ಅಮ್ಮ ಸಾಯ್ತಾಳಾ?" ಎಂದಳು. "ಸಾಯಬಾರದು ಅಂತಲೇ ಔಷಧಿ ತಗೋತಿದೀನಿ" ಎಂದೆ. ಅಷ್ಟು ಸಾಕಾಯಿತು, ಆಡಲು ಓಡಿದಳು.

ದೊಡ್ಡವರ ಜೊತೆಗೂ ಬಾಯಿಬಿಟ್ಟು ಮಾತಾಡುವುದನ್ನು ಕಲಿತೆ. "ಏನಾದ್ರೂ ಬೇಕಿದ್ರೆ ಹೇಳು" ಎಂದವರಿಗೆ "ಏನೂ ಬೇಡ" ಎನ್ನುವುದು ನಮ್ಮ ರೂಢಿ. ನಾನು "ಗುರುವಾರ ಮಗಳನ್ನು ಸ್ಕೂಲಿಂದ ಕರ್ಕೊಂಡು ಬರ್ತೀರಾ?" ಎಂದು ಕೇಳಿದೆ. ಕೇಳಿದ ಮೇಲೆ ಯಾರೂ ಇಲ್ಲವೆನ್ನಲಿಲ್ಲ. ಹಣದ ವಿಷಯದಲ್ಲೂ ಸಂಕೋಚ ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆ ಶುರುವಾಗುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ರೇಡಿಯೇಷನ್ ಮುಗಿದಾಗ ಎಲ್ಲರೂ "ಗೆದ್ದೆ ಬಿಡು" ಅಂದರು. ನನಗೆ ಭಯ ಶುರುವಾದದ್ದೇ ಆಗ. ಚಿಕಿತ್ಸೆ ನಡೆಯುವಾಗ ಯಾರಾದರೂ ದಿನವೂ ನೋಡುತ್ತಿರುತ್ತಾರೆ, ಆಮೇಲೆ ಒಬ್ಬಳೇ. ಬೆನ್ನು ನೋವಾದರೂ ಮೂಳೆಗೆ ಬಂತೇ ಎಂಬ ಗಾಬರಿ. ಹೊಸ ನೋವು ಎರಡು ವಾರ ದಾಟಿದರೆ ತೋರಿಸುವುದು, ಅಲ್ಲಿಯವರೆಗೆ ಗೂಗಲ್ ಮುಟ್ಟದಿರುವುದು ಎಂದು ನಿಯಮ ಮಾಡಿಕೊಂಡೆ. ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿರುವುದರಿಂದ ಎಡಗೈ ಬಾತುಕೊಳ್ಳುವ ಸಂಭವವಿದೆ. ಗಾಯ, ಸುಟ್ಟಗಾಯ ಆಗದಂತೆ ನೋಡಿಕೊಳ್ಳುತ್ತೇನೆ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿದ್ದರಿಂದ ಈಗ ತಲೆ ಬಾಚಿಕೊಳ್ಳಲು, ಮಗನನ್ನು ಎತ್ತಿಕೊಳ್ಳಲು ಆಗುತ್ತಿದೆ.

ನನ್ನದು ಹಾರ್ಮೋನಿಗೆ ಸ್ಪಂದಿಸುವ ಬಗೆ. ಹಾಗಾಗಿ ದಿನವೂ ಟಾಮಾಕ್ಸಿಫೆನ್ ಮಾತ್ರೆ. ಇದನ್ನು ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ಕೊಡುತ್ತಾರೆ. ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ಸಿಟ್ಟು ಬರುತ್ತದೆ. ಈ ಮಾತ್ರೆ ನುಂಗುವಾಗ ಗರ್ಭಿಣಿಯಾಗಬಾರದು, ಹಾರ್ಮೋನಿನ ಗರ್ಭನಿರೋಧಕ ಗುಳಿಗೆಯನ್ನೂ ತೆಗೆದುಕೊಳ್ಳುವಂತಿಲ್ಲ. ಮುಟ್ಟು ನಿಂತಿದೆ ಎಂದು ಧೈರ್ಯವಾಗಿರಲೂ ಆಗದು. ಇದನ್ನೆಲ್ಲ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಡಾಕ್ಟರ ಹತ್ತಿರ ಮಾತಾಡಿದೆ. ಮಲಗುವ ಕೋಣೆಯ ಮುಜುಗರ ಅರ್ಧ ಅಲ್ಲೇ ಕರಗಿತು.

ಬಾಣಂತಿಯರೇ, ಹಾಲೂಡಿಸುವ ಅಮ್ಮಂದಿರೇ, ಗಂಟು ಎರಡು ವಾರವಾದರೂ ಕರಗದಿದ್ದರೆ ಸ್ಕ್ಯಾನಿಂಗ್ ಮಾಡಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಪರೀಕ್ಷೆಯೇ ಹೊರತು ಅತ್ತೆಯೂ ಅಲ್ಲ, ಅಂದಾಜೂ ಅಲ್ಲ.