ಅಟ್ಟದ ಸಾಮಾನು

ಅಡಿಗೆ, ಹೊಲಿಗೆ, ಮನೆಯ ಲೆಕ್ಕ ಇವುಗಳನ್ನು ನಮ್ಮ ಶಾಲೆಯು ನಿಮಗೆ ಕಲಿಸಿತು. ಬೇಡವಾದ ವಸ್ತುವನ್ನು ಮನೆಯಿಂದ ಕಳುಹಿಸುವ ಪಾಠವನ್ನು ಮಾತ್ರ ನಾವು ಬಿಟ್ಟುಬಿಟ್ಟೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಿಣಿಯರಾಗಿರುವದರಿಂದ ಅದನ್ನು ಇಲ್ಲಿ ಬರೆಯುತ್ತೇನೆ.

ನನ್ನ ತಾಯಿಯವರು ಕರ್ತನಲ್ಲಿ ನಿದ್ರೆಹೋದ ತರುವಾಯ ಅವರ ದೊಡ್ಡ ಟ್ರಂಕನ್ನು ತೆರೆದೆನು. ಅತಿಥಿಗಳಿಗೆಂದು ಇರಿಸಿದ್ದ ಆರು ಉಣ್ಣೆಯ ಕಂಬಳಿಗಳು ಅದರಲ್ಲಿದ್ದವು. ಒಂದನ್ನು ಬಿಡಿಸಿ ಎತ್ತಿಹಿಡಿಯಲು ಜರಡಿಯಂತೆ ಅದರೊಳಗಿಂದ ಬೆಳಕು ಕಂಡಿತು. ಆ ವರುಷಗಳಲ್ಲೆಲ್ಲಾ ನಮ್ಮ ಮನೆಗೆ ಹಾಲು ತರುತ್ತಿದ್ದ ಮುದುಕಿಯು ಗೋಣಿಯ ಕೊಪ್ಪೆ ಹಾಕಿಕೊಂಡು ಚಳಿಯಲ್ಲಿ ಬರುತ್ತಿದ್ದಳು. ತಾಯಿಯವರು ಜಿಪುಣರಲ್ಲ, ಹಸಿದವರನ್ನು ಎಂದೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ‘ಮುಂದೆ ಬೇಕಾದೀತು’ ಎಂಬ ಒಂದು ಮಾತು ಆ ಕಂಬಳಿಗಳನ್ನು ಮರೆಸಿತು.

ಉಣ್ಣೆಯನ್ನು ತಿನ್ನುವದು ಹಾರಾಡುವ ನುಸಿಯಲ್ಲ, ಅದರ ಮೊಟ್ಟೆಯಿಂದ ಹೊರಡುವ ಹುಳು. ಕತ್ತಲೆಯಲ್ಲಿ, ಯಾರೂ ಕದಲಿಸದ ಮಡಿಕೆಗಳಲ್ಲಿ ಅದು ಬೆಳೆಯುತ್ತದೆ. ಆಗಾಗ್ಗೆ ಕೊಡವಿ ಬಿಸಿಲಿಗೆ ಹಾಕುವ ಬಟ್ಟೆಗೆ ಅದರ ಬಾಧೆ ಕಡಿಮೆ. ಅಟ್ಟದ ತಾಮ್ರದ ಪಾತ್ರೆಯ ಸಂಗತಿಯೂ ಹೀಗೆಯೇ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಿಸೆಯ ಸಾರು ಕಾಯಿಸಿದರೆ ತಾಮ್ರವು ಅದರಲ್ಲಿ ಕರಗಿ ವಾಂತಿಯನ್ನುಂಟುಮಾಡಬಲ್ಲದು. ಹಿತ್ತಲಿಗೆ ತಳ್ಳಿದ ಒಡಕು ಮಡಕೆ, ಡಬ್ಬಿಗಳು ಇನ್ನೂ ಅಪಾಯಕರ. ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ಅವುಗಳಲ್ಲಿ ನಿಂತ ನೀರಿನ ಅಂಚಿಗೆ ಮೊಟ್ಟೆಯಿಡುವದು; ನೀರು ಆರಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವದಿಂದಿದ್ದು ಮುಂದಿನ ಮಳೆಗೆ ಮರಿಯಾಗುವವು.

ಹಾಗಾದರೆ ಕೂಡಿಡುವದೇ ತಪ್ಪೋ? ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿರಿ. ಬೆಳಗಿನ ತನಕ ಉಳಿಸಿಕೊಂಡ ಮನ್ನವು ಹುಳಬಿದ್ದು ನಾರಿತು; ಆದರೆ ಸಬ್ಬತ್ತಿಗೆಂದು ಇಟ್ಟದ್ದು ಕೆಡಲಿಲ್ಲ. ಅದಕ್ಕೆ ಒಂದು ದಿನವು ನೇಮಕವಾಗಿತ್ತು. ಆದುದರಿಂದ ಪ್ರತಿಯೊಂದು ವಸ್ತುವನ್ನು ಕೈಯಲ್ಲಿ ಹಿಡಿದು, ‘ಇದು ಯಾವ ದಿನಕ್ಕೆ? ಯಾರಿಗೆ?’ ಎಂದು ಕೇಳಿರಿ. ಮಗಳ ಮದುವೆಗೆಂದಿಟ್ಟ ಸೀರೆಗೆ ಉತ್ತರವುಂಟು. ಹಿಡಿ ಮುರಿದ ಮೂರು ಬಾಣಲೆಗಳಿಗೆ ಉತ್ತರವಿರಲಾರದು. ಒಂದು ಶನಿವಾರಕ್ಕೆ ಒಂದು ಪೆಟ್ಟಿಗೆ ಸಾಕು. ಮನೆಯನ್ನೆಲ್ಲಾ ಒಮ್ಮೆಗೆ ಹರಡಿಕೊಂಡವರು ಸಂಜೆಗೆ ದಣಿದು ಎಲ್ಲವನ್ನೂ ಪುನಃ ತುಂಬಿಡುವದನ್ನು ಕಂಡಿದ್ದೇನೆ. ಅತ್ತೆಯವರ ಒರಳನ್ನು ಅವರನ್ನು ಕೇಳದೆ ಮಾರಬೇಡಿರಿ. ನಿಮ್ಮ ಕಣ್ಣಿಗೆ ಅದು ಕಲ್ಲು. ಅವರಿಗೆ ನಲವತ್ತು ವರುಷಗಳ ಸಂಸಾರ.

ಕೊಡುವದನ್ನು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಕೊಡಿರಿ. ಬಡಮಕ್ಕಳಿಗೆಂದು ಶಾಲೆಗೆ ಬರುವ ಗಂಟುಗಳಲ್ಲಿ ನೆಲ ಒರಸುವದಕ್ಕೂ ಬಾರದ ಬಟ್ಟೆಗಳಿರುವದುಂಟು. ಇದನ್ನು ಬರೆಯಲು ನನಗೆ ಸಂಕೋಚವಾದರೂ ಬರೆದಿದ್ದೇನೆ.

ತಾಯಿಯವರ ಕನ್ನಡಕವನ್ನೂ ಸತ್ಯವೇದವನ್ನೂ ನಾನು ಇಟ್ಟುಕೊಂಡೆನು. ಟ್ರಂಕು ನಮ್ಮ ವಸತಿಗೃಹದಲ್ಲಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಬಟ್ಟೆಗಳನ್ನು ಅದರಲ್ಲಿಡುತ್ತಾಳೆ.