ಅಡುಗೆಮನೆಯ ಜಿರಳೆ: ಮೊದಲು ಗುರುತು, ಆಮೇಲೆ ಮದ್ದು

ನಾನು ವಾಣಿಜ್ಯ ವಿಭಾಗದವಳು. ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಜಿರಳೆಯ ಬಗ್ಗೆ ಓದಿದ್ದು ನನ್ನ ತಮ್ಮನಿಗಾಗಿ. ಅವನಿಗೆ ಉಬ್ಬಸವಿದೆ. "ಮನೆಯಲ್ಲಿ ಜಿರಳೆ ಇದೆಯೇ?" ಎಂದು ಡಾಕ್ಟರು ಅಮ್ಮಿಯನ್ನು ಕೇಳಿದರು. ಜಿರಳೆಯ ಹಿಕ್ಕೆ ಮತ್ತು ಕಳಚಿದ ಪೊರೆ ಪುಡಿಯಾಗಿ ಧೂಳಿನಲ್ಲಿ ಸೇರುತ್ತವೆ. ಅದು ಉಸಿರಿನೊಳಗೆ ಹೋದರೆ ಕೆಲವರಿಗೆ ಅಲರ್ಜಿಯಾಗಿ ಉಬ್ಬಸ ಹೆಚ್ಚುತ್ತದೆ. ಚರಂಡಿಯ ರೋಗಾಣುಗಳನ್ನು ಕಾಲಿಗೆ ಅಂಟಿಸಿಕೊಂಡು ಬಂದು ಆಹಾರಕ್ಕೂ ತಾಗಿಸುತ್ತವೆ.

ಗುರುತು ಹಿಡಿಯುವುದು

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ಅಮೆರಿಕನ್ ಜಿರಳೆ ದೊಡ್ಡದು, ಸುಮಾರು 4 ಸೆಂ.ಮೀ. ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ. ಇದು ಚರಂಡಿ, ಬಚ್ಚಲಿನಿಂದ ಬರುತ್ತದೆ. ಬಚ್ಚಲಿನ ತೂತಿಗೆ ಜಾಲರಿ ಹಾಕಿದರೆ ಬಹುಪಾಲು ತಡೆಯಬಹುದು. ಜರ್ಮನ್ ಜಿರಳೆ ಸಣ್ಣದು, 12ರಿಂದ 15 ಮಿ.ಮೀ., ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳು. ಇದು ಮನೆಯೊಳಗೇ, ಫ್ರಿಜ್ಜಿನ ಹಿಂದೆ, ಸ್ಟೌ ಕೆಳಗೆ, ಕಪಾಟಿನ ಸಂದುಗಳಲ್ಲಿ ಸಂಸಾರ ಮಾಡುತ್ತದೆ. ನಮ್ಮಲ್ಲಿ ಇದ್ದದ್ದು ಇದೇ.

ಇದರ ಲೆಕ್ಕ ಚಕ್ರಬಡ್ಡಿಯಂತೆ. ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ. ಎರಡು-ಮೂರು ತಿಂಗಳಲ್ಲಿ ಆ ಮರಿಗಳೂ ಮೊಟ್ಟೆ ಇಡುತ್ತವೆ. ಸ್ಪ್ರೇ ಹೊಡೆದರೆ ಎದುರಿಗೆ ಸಿಕ್ಕಿದ್ದು ಸಾಯುತ್ತದೆ, ಸಂದಿನೊಳಗಿನ ಅಸಲು ಹಾಗೇ ಉಳಿಯುತ್ತದೆ. ಮೇಲಾಗಿ ಸ್ಪ್ರೇ ವಾಸನೆ ತಮ್ಮನಿಗೆ ಆಗದು.

ನಾವು ಮಾಡಿದ್ದು

1. ರಾತ್ರಿ ಪಾತ್ರೆ ತೊಳೆದು, ಸಿಂಕ್ ಒರೆಸಿ ಒಣಗಿಸಿದೆವು. ಜರ್ಮನ್ ಜಿರಳೆ ನೀರಿಲ್ಲದೆ ಎರಡು ವಾರದಾಚೆ ಬದುಕುವುದು ಕಷ್ಟ. ರಂಜಾನ್‌ನಲ್ಲಿ ಸಹರಿ ಅಡುಗೆಯೂ ಇರುವುದರಿಂದ ಈ ಕೆಲಸ ಇನ್ನೂ ಮುಖ್ಯ.

2. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಹೊರಗೆ ಹಾಕಿ, ಗೋಡೆಯ ಬಿರುಕುಗಳಿಗೆ ಬಿಳಿ ಸಿಮೆಂಟ್ ತುಂಬಿದೆವು.

3. ಬೋರಿಕ್ ಪೌಡರ್ (ಕೇರಂ ಬೋರ್ಡಿಗೆ ಹಾಕುವುದು ಇದೇ), ಮೈದಾ ಮತ್ತು ಸಕ್ಕರೆಯನ್ನು ನೀರಿನಲ್ಲಿ ಕಲಸಿ ಸಣ್ಣ ಉಂಡೆ ಮಾಡಿ, ಫ್ರಿಜ್ಜಿನ ಹಿಂದೆ ಮತ್ತು ಸಂದುಗಳಲ್ಲಿ ಇಟ್ಟೆವು. ಇದು ಹೊಟ್ಟೆಗೆ ಹೋಗಿ ನಿಧಾನವಾಗಿ ಕೊಲ್ಲುವ ವಿಷ. ಮಕ್ಕಳ ಕೈಗೆ ಸಿಗಬಾರದು, ಆಹಾರದ ಹತ್ತಿರ ಇಡಬಾರದು, ಕಲಸಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಉಂಡೆಯ ಬಳಿ ಸ್ಪ್ರೇ ಹೊಡೆದರೆ ಜಿರಳೆ ಅತ್ತ ಸುಳಿಯುವುದಿಲ್ಲ.

4. ಗಾಜಿನ ಬಾಟಲಿಯ ಬಾಯಿಯ ಒಳಗೆ ಎಣ್ಣೆ ಸವರಿ, ತಳದಲ್ಲಿ ಬ್ರೆಡ್ ಚೂರು ಹಾಕಿಟ್ಟೆ. ಒಳಗಿಳಿದದ್ದು ಜಾರಿ ಮೇಲೆ ಬರಲಾಗದು. ಪ್ರತಿ ಬೆಳಿಗ್ಗೆ ಎಣಿಸಿ ನೋಟ್‌ಬುಕ್‌ನಲ್ಲಿ ಬರೆದೆ. ಮೊದಲ ದಿನ 19, ಆರು ವಾರದ ನಂತರ 2.

ಸೊನ್ನೆ ಆಗುವವರೆಗೂ ಉಂಡೆ ಬದಲಿಸುತ್ತಲೇ ಇರಬೇಕು, ಏಕೆಂದರೆ ಮೊಟ್ಟೆಯೊಳಗಿನ ಮರಿ ಇನ್ನೂ ಹೊರಬರಬೇಕಿದೆ. ಇನ್ನೊಂದು ಮಾತು: ಜಿರಳೆ ಸತ್ತರೂ ಅಲರ್ಜಿಯ ಪುಡಿ ಉಳಿಯುತ್ತದೆ. ಕಪಾಟಿನ ಮೂಲೆಗಳನ್ನು ಒಣ ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸಿ. ಆ ಹೊತ್ತಿಗೆ ಉಬ್ಬಸವಿರುವವರನ್ನು ಹೊರಗೆ ಕೂರಿಸಿ.